ಮೈಮೇಲಿನ ಗಂಟು, ಒಳಗಿನ ರಕ್ತನಾಳ

ಹುಟ್ಟಿದ ಕೆಲವೇ ತಿಂಗಳಲ್ಲಿ ಮಗುವಿನ ಮೈಮೇಲೆ ಹಾಲು ಬೆರೆಸಿದ ಚಹಾದ ಬಣ್ಣದ ಮಚ್ಚೆಗಳು ಕಾಣತೊಡಗುತ್ತವೆ. ಶಾಲೆಗೆ ಸೇರುವ ಹೊತ್ತಿಗೆ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಸಣ್ಣ ಚುಕ್ಕೆಗಳು ಬರುತ್ತವೆ. ಹರೆಯ ಬಂದ ಮೇಲೆ ಚರ್ಮದಲ್ಲಿ ಮೆತ್ತನೆಯ ಗಂಟುಗಳು ಏಳುತ್ತವೆ, ಕೆಲವರಿಗೆ ನಾಲ್ಕಾರು, ಕೆಲವರಿಗೆ ಎಣಿಸಲಾರದಷ್ಟು. ವೈದ್ಯರು ಇದನ್ನು ನ್ಯೂರೋಫೈಬ್ರೊಮಟೋಸಿಸ್ ಒಂದನೇ ಬಗೆ, ಚಿಕ್ಕದಾಗಿ ಎನ್‌ಎಫ್‌-1 ಎನ್ನುತ್ತಾರೆ. ಸುಮಾರು 3,000 ಜನನಕ್ಕೆ ಒಂದರಂತೆ ಕಾಣಿಸಿಕೊಳ್ಳುವ ಕಾಯಿಲೆ ಇದು. ಮೂರು ಲಕ್ಷ ಜನರಿರುವ ತಾಲೂಕು ಎಂದಿಟ್ಟುಕೊಂಡರೆ ಅಲ್ಲಿ ನೂರರ ಆಸುಪಾಸು ಮಂದಿಗೆ ಇರಬಹುದು. ಮಹಾರಾಷ್ಟ್ರದ ಗಡಿಯಂಚಿನ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಇಂಥವರಲ್ಲಿ ಬಹಳಷ್ಟು ಜನರಿಗೆ ತಮ್ಮ ಕಾಯಿಲೆಗೊಂದು ಹೆಸರಿದೆ ಎಂಬುದೇ ಗೊತ್ತಿರುವುದಿಲ್ಲ. 'ನಮ್ಮಪ್ಪಗೂ ಇವೇ ಗಂಟ ಇದ್ವು, ಏನ್ ಆಗಿಲ್ರೀ' ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಆ ಮಾತು ಅರ್ಧ ನಿಜ. ಚರ್ಮದ ಗಂಟುಗಳಿಂದ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಉಳಿದರ್ಧ ಮೈಯೊಳಗಿದೆ. ಈ ಕಾಯಿಲೆ ನರಗಳನ್ನಷ್ಟೇ ಅಲ್ಲ, ಕೆಲವರಲ್ಲಿ ರಕ್ತನಾಳಗಳನ್ನೂ ಹಿಡಿಯುತ್ತದೆ. ಎಲ್ಲರ ಕಣ್ಣೂ ಗಂಟಿನ ಮೇಲೆ ಇರುವುದರಿಂದ ನಾಳದ ಕಡೆ ಯಾರೂ ನೋಡುವುದಿಲ್ಲ. ರಕ್ತನಾಳದ ತೊಂದರೆಯನ್ನು ಹೇಗೆ ಗುರುತಿಸಬೇಕು, ಯಾವ ಸ್ಕ್ಯಾನ್ ಯಾವಾಗ ಬೇಕು, ಗಡಿಯಂಚಿನ ಈ ಮೂರು ತಾಲೂಕಿನವರು ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಲೇಖನ ಹೇಳುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಎಲ್ಲಕ್ಕಿಂತ ಮುಂಚೆ ಬೇಕಾದದ್ದು ಸ್ಕ್ಯಾನ್ ಅಲ್ಲ, ತೋಳಿಗೆ ಸುತ್ತುವ ಬಿ.ಪಿ. ಪಟ್ಟಿ.

ಕಾಯಿಲೆಯ ಬೇರು

ಜರ್ಮನಿಯ ಫ್ರೀಡ್ರಿಶ್ ಫಾನ್ ರೆಕ್ಲಿಂಗ್‌ಹೌಸನ್ 1882ರಲ್ಲಿ ಈ ಗಂಟುಗಳು ನರದಿಂದಲೇ ಹುಟ್ಟುತ್ತವೆ ಎಂದು ತೋರಿಸಿದರು. ಇದೇ ಕಾಯಿಲೆಯವರ ರಕ್ತನಾಳಗಳೂ ಕೆಡುತ್ತವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ರ‍್ಯೂಬಿ ವಿವರವಾಗಿ ಬರೆದದ್ದು 1945ರಲ್ಲಿ. ಕಾರಣವಾದ ಜೀನ್ ಹದಿನೇಳನೇ ಕ್ರೋಮೋಸೋಮಿನಲ್ಲಿದೆ ಎಂದು ಗೊತ್ತಾಗಿ, ಆ ಜೀನ್ ಕೈಗೆ ಸಿಕ್ಕಿದ್ದು 1990ರಲ್ಲಿ. ಅದು ತಯಾರಿಸುವ ನ್ಯೂರೋಫೈಬ್ರೊಮಿನ್ ಎಂಬ ಪ್ರೋಟೀನು ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ರಕ್ತನಾಳದ ಗೋಡೆಯ ಕೋಶಗಳಲ್ಲೂ ಈ ಪ್ರೋಟೀನು ಇರಬೇಕು. ಅಲ್ಲಿ ಕೊರತೆಯಾದರೆ ಗೋಡೆಯ ಕೋಶಗಳು ಮಿತಿಮೀರಿ ಬೆಳೆದು ನಾಳ ಒಳಮುಖವಾಗಿ ಕಿರಿದಾಗುತ್ತದೆ. ಇನ್ನು ಕೆಲವೆಡೆ ಗೋಡೆ ದುರ್ಬಲವಾಗಿ ಉಬ್ಬುತ್ತದೆ, ಅಪರೂಪಕ್ಕೆ ಒಡೆಯುತ್ತದೆ.

ಇಲ್ಲಿ ಒಂದು ಅಪವಾದವನ್ನು ತೊಡೆಯಬೇಕು. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಇರುವುದರಿಂದ ಮಗುವಿನಲ್ಲಿ ಏನೇ ಕಂಡರೂ ಬೆರಳು ಅತ್ತಲೇ ಹೋಗುತ್ತದೆ; ಇಲ್ಲವಾದರೆ ಬಸುರಿಯಿದ್ದಾಗ ತಾಯಿ ಗ್ರಹಣದಲ್ಲಿ ಹೊರಗೆ ಬಂದಳು ಎನ್ನುತ್ತಾರೆ. ಎನ್‌ಎಫ್‌-1ಕ್ಕೆ ಎರಡೂ ಕಾರಣವಲ್ಲ. ತಂದೆ ಅಥವಾ ತಾಯಿ ಒಬ್ಬರಿಂದ ಕೆಟ್ಟ ಜೀನಿನ ಒಂದೇ ಪ್ರತಿ ಬಂದರೂ ಸಾಕು. ಕಾಯಿಲೆ ಇರುವವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಹುಟ್ಟಿರುತ್ತದೆ. ಅಂದರೆ ಸೊಸೆಯನ್ನು ದೂರಬೇಕಿಲ್ಲ. ಮನೆಯ ಉಳಿದ ಮಕ್ಕಳ ಮೈಯನ್ನೂ ಒಮ್ಮೆ ನೋಡಿಸಬೇಕು, ಅಷ್ಟೆ. ಹರೆಯಕ್ಕೆ ಮುಂಚೆ 5 ಮಿಲಿಮೀಟರಿಗಿಂತ ದೊಡ್ಡ, ಹರೆಯದ ನಂತರ 15 ಮಿಲಿಮೀಟರಿಗಿಂತ ದೊಡ್ಡ ಮಚ್ಚೆಗಳು ಆರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ವೈದ್ಯರಿಗೆ ತೋರಿಸಿ. ಒಂದೆರಡು ಮಚ್ಚೆ ಎಷ್ಟೋ ಆರೋಗ್ಯವಂತರಲ್ಲೂ ಇರುತ್ತದೆ.

ಬಿ.ಪಿ. ಪಟ್ಟಿಯೇ ಮೊದಲ ಪರೀಕ್ಷೆ

ಎನ್‌ಎಫ್‌-1ರಲ್ಲಿ ಅತಿ ಹೆಚ್ಚು ತೊಂದರೆಗೊಳಗಾಗುವ ನಾಳ ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿ. ಅದು ಕಿರಿದಾದರೆ ಕಿಡ್ನಿಯ ಪಾಡು ಕಾಲುವೆಯ ಕೊನೆಯ ಹೊಲದ ಒಕ್ಕಲಿಗನ ಪಾಡು: ಅಣೆಕಟ್ಟಿನಲ್ಲಿ ನೀರಿದ್ದರೂ ತನಗೆ ತಲುಪುತ್ತಿಲ್ಲವಾದ್ದರಿಂದ ನೀರು ಬಿಡಿ ಎಂದು ಕೂಗುತ್ತಲೇ ಇರುತ್ತಾನೆ. ಕಿಡ್ನಿ ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಟ್ಟು ಇಡೀ ಮೈಯ ರಕ್ತದೊತ್ತಡವನ್ನು ಏರಿಸುತ್ತದೆ. ಮಗುವಿಗೆ ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಆಗಾಗ ತಲೆನೋವು, ಮೂಗಿನಿಂದ ರಕ್ತ, ಬೇಗ ದಣಿವು, ಇಷ್ಟೇ ಇರಬಹುದು. ಅದೂ ಇಲ್ಲದೆ ಇರಬಹುದು. ಹತ್ತು ವರ್ಷದ ಹುಡುಗನಿಗೆ ಬಿ.ಪಿ. ಇದೆ ಎಂದು ಯಾರು ತಾನೇ ಅಂದುಕೊಂಡಾರು?

ಹಾಗಾಗಿ ಎನ್‌ಎಫ್‌-1 ಇರುವ ಪ್ರತಿಯೊಬ್ಬರೂ, ಮಕ್ಕಳೂ ಸೇರಿ, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಲೇಬೇಕು. ಇದಕ್ಕೆ ಲಾತೂರಿಗೋ ಸೊಲ್ಲಾಪುರಕ್ಕೋ ಹೋಗಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರಿಗೆ ಮಗುವಿನ ಮಚ್ಚೆಗಳನ್ನು ತೋರಿಸಿ, ಬಿ.ಪಿ. ನೋಡಿರಿ ಎಂದು ಕೇಳಬಹುದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 2013ರಲ್ಲಿ ಶುರುವಾದ ಕಾರ್ಯಕ್ರಮ ಅದು. ದೊಡ್ಡ ದವಾಖಾನೆಗೆ ಚೀಟಿ ಬರೆದು ಕಳಿಸುವುದೂ ಅವರ ಕೆಲಸವೇ.

ಅಳತೆ ಸರಿಯಾಗಿರಬೇಕೆಂದರೆ ಎರಡು ವಿಷಯ ಗಮನಿಸಿ. ಒಂದು, ಪಟ್ಟಿಯ ಗಾತ್ರ. ದೊಡ್ಡವರ ಪಟ್ಟಿಯನ್ನು ಸಣ್ಣ ತೋಳಿಗೆ ಸುತ್ತಿದರೆ ಒತ್ತಡ ಕಡಿಮೆ ತೋರಿಸುತ್ತದೆ, ಇದ್ದ ಕಾಯಿಲೆ ತಪ್ಪಿಹೋಗುತ್ತದೆ. ಮಕ್ಕಳ ಪಟ್ಟಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎರಡನೆಯದು, ಬಂದ ಅಂಕಿಯ ಅರ್ಥ. 120/80 ದೊಡ್ಡವರಿಗೆ ಗಾಬರಿಯ ಅಂಕಿಯಲ್ಲ. ಹತ್ತು ವರ್ಷದ ಮಗುವಿಗೆ ಅದು ಹೆಚ್ಚು. ಮಕ್ಕಳ ಒತ್ತಡವನ್ನು ವಯಸ್ಸು, ಎತ್ತರಕ್ಕೆ ಹೋಲಿಸಿದ ಕೋಷ್ಟಕದಲ್ಲೇ ನೋಡಬೇಕು. ಮಗು ಅಳುತ್ತಿರುವಾಗ, ಓಡಿ ಬಂದ ಕೂಡಲೆ ಅಳೆಯಬಾರದು. ಐದು ನಿಮಿಷ ಕೂರಿಸಿ ಅಳೆಯಬೇಕು, ಹೆಚ್ಚು ಬಂದರೆ ಬೇರೆ ಬೇರೆ ದಿನ ಮತ್ತೆ ನೋಡಬೇಕು. ಒಮ್ಮೆಯಾದರೂ ಎರಡೂ ತೋಳು ಮತ್ತು ಒಂದು ಕಾಲಿನಲ್ಲಿ ಅಳೆಸಿ. ತೋಳಿಗಿಂತ ಕಾಲಿನಲ್ಲಿ ಕಡಿಮೆ ಬಂದರೆ ಎದೆ ಅಥವಾ ಹೊಟ್ಟೆಯಲ್ಲಿ ಮಹಾಪಧಮನಿಯೇ ಕಿರಿದಾಗಿರಬಹುದು. ಎನ್‌ಎಫ್‌-1ರಲ್ಲಿ ಇದೂ ಆಗುತ್ತದೆ.

ಕಿಡ್ನಿಯ ನಾಳಕ್ಕೆ ಯಾವ ಸ್ಕ್ಯಾನ್?

ಬಿ.ಪಿ. ಹೆಚ್ಚಿದೆ ಎಂದು ಖಚಿತವಾದ ಮೇಲೆ ಮೊದಲ ಹೆಜ್ಜೆ ಕಿಡ್ನಿಯ ಡಾಪ್ಲರ್ ಸೋನೋಗ್ರಫಿ. ಮಾಮೂಲಿ ಹೊಟ್ಟೆಯ ಸೋನೋಗ್ರಫಿ ಸಾಲದು. ಅದರಲ್ಲಿ ಕಿಡ್ನಿಯ ಆಕಾರ, ಗಾತ್ರ ಕಾಣುತ್ತದೆಯೇ ಹೊರತು ನಾಳದಲ್ಲಿ ರಕ್ತ ಹರಿಯುವ ವೇಗ ತಿಳಿಯುವುದಿಲ್ಲ. ನಾಳ ಕಿರಿದಾದ ಜಾಗದಲ್ಲಿ ರಕ್ತ ಜೋರಾಗಿ ನುಗ್ಗುತ್ತದೆ. ದೊಡ್ಡವರಲ್ಲಿ ಸೆಕೆಂಡಿಗೆ 180ರಿಂದ 200 ಸೆಂಟಿಮೀಟರ್ ದಾಟಿದರೆ ಸಂಶಯ ಪಡುತ್ತಾರೆ. ಒಂದು ಕಿಡ್ನಿ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಚಿಕ್ಕದಿದ್ದರೂ ಅದು ಸುಳಿವೇ. ಡಾಪ್ಲರಿಗೆ ವಿಕಿರಣವಿಲ್ಲ, ಸೂಜಿಯಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ನಾಳ ಕಾಣುವುದಿಲ್ಲವಾದ್ದರಿಂದ ಆರೆಂಟು ಗಂಟೆ ಉಪವಾಸ ಬರಲು ಹೇಳುತ್ತಾರೆ. ಇದು ಪೂರ್ತಿ ಮಾಡುವವರ ಕೈಚಳಕದ ಪರೀಕ್ಷೆ, ಅರ್ಧ ಗಂಟೆಯೂ ಹಿಡಿಯಬಹುದು. ಎರಡೇ ನಿಮಿಷದಲ್ಲಿ ಮುಗಿದ 'ನಾರ್ಮಲ್' ಡಾಪ್ಲರನ್ನು ನಾನಂತೂ ನಂಬುವುದಿಲ್ಲ.

ಡಾಪ್ಲರ್ ಸರಿಯಾಗಿ ಕಾಣದಿದ್ದರೆ, ಅಥವಾ ನಾರ್ಮಲ್ ಎಂದರೂ ಬಿ.ಪಿ. ಇಳಿಯದಿದ್ದರೆ ಮುಂದಿನದು ಸಿಟಿ ಆಂಜಿಯೋಗ್ರಫಿ ಅಥವಾ ಎಂಆರ್ ಆಂಜಿಯೋಗ್ರಫಿ. ಸಿಟಿಯಲ್ಲಿ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಟ್ಟು ಕೆಲವೇ ಸೆಕೆಂಡಿನಲ್ಲಿ ಚಿತ್ರ ತೆಗೆಯುತ್ತಾರೆ. ಔಷಧ ಹೋಗುವಾಗ ಮೈ ಬಿಸಿಯಾದಂತೆ ಅನಿಸುತ್ತದೆ, ಅದಕ್ಕೆ ಹೆದರಬೇಕಿಲ್ಲ. ಚಿತ್ರ ಬಹಳ ಸ್ಪಷ್ಟ. ಆದರೆ ಕ್ಷ-ಕಿರಣ ತಾಗುತ್ತದೆ, ಮೊದಲು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕು, ಹಿಂದೆ ಇಂಥ ಔಷಧದಿಂದ ಅಲರ್ಜಿಯಾಗಿದ್ದರೆ ಮುಂಚೆಯೇ ಹೇಳಬೇಕು. ಎನ್‌ಎಫ್‌-1 ಮಕ್ಕಳಿಗೆ ಜೀವನಪೂರ್ತಿ ಎಷ್ಟೋ ಸಲ ಚಿತ್ರ ತೆಗೆಯಬೇಕಾಗುತ್ತದೆ, ಗಡ್ಡೆಗಳ ಪ್ರವೃತ್ತಿಯೂ ಅವರಲ್ಲಿದೆ. ಹೀಗಾಗಿ ಸಾಧ್ಯವಿದ್ದಲ್ಲಿ ವಿಕಿರಣವಿಲ್ಲದ ಎಂಆರ್‌ಐ ಒಳ್ಳೆಯದು. ಅದಕ್ಕೆ ಮಗು ಬಹಳ ಹೊತ್ತು ಅಲುಗಾಡದೆ ಮಲಗಬೇಕು. ಚಿಕ್ಕ ಮಕ್ಕಳಿಗೆ ನಿದ್ರೆಯ ಔಷಧ ಬೇಕಾಗಬಹುದು.

ಕೊನೆಯದು ಡಿಎಸ್‌ಎ. ತೊಡೆಯ ಅಥವಾ ಮುಂಗೈಯ ಅಪಧಮನಿಯಿಂದ ಸಣ್ಣ ನಳಿಕೆ ತೂರಿಸಿ, ನಾಳದೊಳಗೇ ಔಷಧ ಬಿಟ್ಟು ತೆಗೆಯುವ ಚಿತ್ರ. ಕಿಡ್ನಿಯೊಳಗಿನ ಸಣ್ಣ ಕವಲುಗಳು ಕಿರಿದಾಗಿದ್ದರೆ ಡಾಪ್ಲರಿಗೂ ಸಿಟಿಗೂ ಸಿಗದೆ ಹೋಗುವುದುಂಟು, ಇದರಲ್ಲಿ ಸಿಗುತ್ತದೆ. ಅದೇ ಹೊತ್ತಿಗೆ ಬಲೂನಿನಿಂದ ನಾಳ ಹಿಗ್ಗಿಸಲೂ ಬರುತ್ತದೆ. ಆದರೆ ಎನ್‌ಎಫ್‌-1ರ ಕಿರಿದಾದ ನಾಳ ಗಡುಸು; ಹಿಗ್ಗಿಸಿದ್ದು ಮತ್ತೆ ಕಿರಿದಾಗುವುದು ಸಾಮಾನ್ಯ. ಎರಡನೇ ಸಲ ಬಲೂನು ಹಾಕಬೇಕೆಂದರೆ ಮೊದಲಿನ ಡಾಕ್ಟರು ಕೆಲಸ ಕೆಡಿಸಿದರು ಎಂದು ತಿಳಿಯಬೇಡಿ. ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ಮಾತ್ರೆಯೇ ಸಾಕು.

ಮಾತ್ರೆಯ ಮಾತು ಬಂತಲ್ಲ, ಒಂದು ಎಚ್ಚರಿಕೆ. ಹೆಸರಿನ ಕೊನೆಗೆ 'ಪ್ರಿಲ್' ಅಥವಾ 'ಸಾರ್ಟಾನ್' ಇರುವ ಬಿ.ಪಿ. ಮಾತ್ರೆಗಳು, ಅಂದರೆ ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಇಂಥವು, ನಮ್ಮೂರ ಮೆಡಿಕಲ್ ಅಂಗಡಿಗಳಲ್ಲಿ ಧಾರಾಳವಾಗಿ ಹೋಗುತ್ತವೆ. ಎರಡೂ ಕಿಡ್ನಿಯ ನಾಳ ಕಿರಿದಾಗಿದ್ದರೆ ಅಥವಾ ಇರುವುದೇ ಒಂದು ಕಿಡ್ನಿಯಾಗಿದ್ದು ಅದರ ನಾಳ ಕಿರಿದಾಗಿದ್ದರೆ ಇವು ಕಿಡ್ನಿಯ ಕೆಲಸವನ್ನೇ ಕುಗ್ಗಿಸಬಹುದು. ಶುರುಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ. ಲೇಖನ ಓದಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಇನ್ನೊಂದು ನಮ್ಮ ದೇಶಕ್ಕೇ ಸೇರಿದ ಗೊಂದಲವಿದೆ. ಭಾರತದಲ್ಲಿ ಎಳೆಯರ ಮಹಾಪಧಮನಿ, ಕಿಡ್ನಿ ನಾಳ ಕಿರಿದಾಗಲು ದೊಡ್ಡ ಕಾರಣ ಟಕಾಯಾಸು ಎಂಬ ಉರಿಯೂತದ ಕಾಯಿಲೆ. ಹಾಗಾಗಿ ಸಿಟಿಯಲ್ಲಿ ಕಿರಿದಾದ ನಾಳ ಕಂಡ ರೇಡಿಯಾಲಜಿಸ್ಟ್ ಮೊದಲು ಬರೆಯುವುದು ಅದನ್ನೇ. ಟಕಾಯಾಸುವಿಗೆ ಸ್ಟಿರಾಯ್ಡ್ ಕೊಡುತ್ತಾರೆ; ಎನ್‌ಎಫ್‌-1ರ ನಾಳಕ್ಕೆ ಸ್ಟಿರಾಯ್ಡಿನಿಂದ ಏನೂ ಪ್ರಯೋಜನವಿಲ್ಲ, ಮೇಲಾಗಿ ಬಿ.ಪಿ. ಮತ್ತಷ್ಟು ಏರುತ್ತದೆ. ಟಕಾಯಾಸುವಿನಲ್ಲಿ ನಾಳದ ಗೋಡೆ ದಪ್ಪಗಾಗಿ ಕಾಣುತ್ತದೆ, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಹೆಚ್ಚಾಗಿ ಏರಿರುತ್ತವೆ. ಆದರೂ ಬರೀ ಚಿತ್ರ ನೋಡಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅಂಗಿ ಬಿಚ್ಚಿಸಿ ಮೈಮೇಲಿನ ಮಚ್ಚೆ ನೋಡಿದರೆ ಸುಲಭ. ಸ್ಕ್ಯಾನ್ ಕೋಣೆಯಲ್ಲಿ ಕೂತವರು ರೋಗಿಯ ಬೆನ್ನು ನೋಡಿರುವುದಿಲ್ಲ. ಸ್ಕ್ಯಾನಿಗೆ ಬರೆಯುವ ಚೀಟಿಯಲ್ಲಿ ಬರೀ 'ಬಿ.ಪಿ.' ಅಥವಾ 'ತಲೆನೋವು' ಎಂದಿದ್ದರೆ, 'ಎನ್‌ಎಫ್‌-1 ಇದೆ, ರಕ್ತನಾಳ ನೋಡಬೇಕು' ಎಂದು ಬರೆಸಿಕೊಳ್ಳಿ. ಇಷ್ಟರಿಂದಲೇ ರಿಪೋರ್ಟ್ ಬೇರೆಯಾಗಿ ಬರಬಹುದು.

ಬಿ.ಪಿ.ಗೆ ಮತ್ತೊಂದು ಕಾರಣ

ದೊಡ್ಡವರಲ್ಲಿ, ಅದರಲ್ಲೂ ಮೂವತ್ತು ನಲವತ್ತು ದಾಟಿದವರಲ್ಲಿ, ಬಿ.ಪಿ. ಏರಿದ್ದರೆ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆಯನ್ನೂ ಹುಡುಕಬೇಕು. ಕಿಡ್ನಿಯ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆಯುವ ಗಡ್ಡೆ ಇದು. ಇದ್ದಕ್ಕಿದ್ದಂತೆ ಎದೆ ಡವಡವ, ಬೆವರು, ತಲೆ ಸಿಡಿತ ಬಂದು ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಮೊದಲು ರಕ್ತ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ, ಅದು ಹೆಚ್ಚಿದ್ದರೆ ಸಿಟಿ ಅಥವಾ ಎಂಆರ್‌ಐ. ಬಿ.ಪಿ. ಇರುವ ಎನ್‌ಎಫ್‌-1 ರೋಗಿಗೆ ಯಾವುದೇ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮೊದಲು ಈ ಪರೀಕ್ಷೆ ಆಗಿರಬೇಕು. ಗೊತ್ತಿಲ್ಲದೆ ಕೊಟ್ಟರೆ ಮೇಜಿನ ಮೇಲೇ ಒತ್ತಡ ಭಯಂಕರವಾಗಿ ಏರಬಹುದು. ಗರ್ಭಿಣಿಯರಲ್ಲಿ 20 ವಾರಕ್ಕೆ ಮುಂಚೆಯೇ ಬಿ.ಪಿ. ಏರಿದರೆ 'ಬಸಿರಿನ ಬಿ.ಪಿ.' ಎಂದು ಸುಮ್ಮನಿರದೆ, ತನಗೆ ಎನ್‌ಎಫ್‌-1 ಇದೆ ಎಂದು ತಾಯಿ ಹೇಳಬೇಕು.

ಮಿದುಳಿನ ನಾಳ

ಮಗು ಜೋರಾಗಿ ಅತ್ತ ಮೇಲೆ, ಓಡಿ ಏದುಸಿರು ಬಿಟ್ಟ ಮೇಲೆ, ಒಲೆ ಊದಿದ ಮೇಲೆ, ಪೀಪಿ ಊದಿದ ಮೇಲೆ ಒಂದು ಕೈ ಸೋತು ಜೋತುಬಿದ್ದು, ಹತ್ತು ನಿಮಿಷಕ್ಕೆ ಮತ್ತೆ ಸರಿಹೋದರೆ ಅದನ್ನು ದೃಷ್ಟಿ ತಾಗಿತೆಂದು ಬಿಡಬೇಡಿ. ಮಿದುಳಿಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಮೆಲ್ಲಗೆ ಮುಚ್ಚುತ್ತ ಬಂದು, ಸುತ್ತ ತೆಳುವಾದ ಸಣ್ಣ ನಾಳಗಳ ಜಾಲ ಹುಟ್ಟಿಕೊಳ್ಳುವುದನ್ನು ಮೊಯಾಮೊಯಾ ಎನ್ನುತ್ತಾರೆ. ಜಪಾನಿನ ಸುಜುಕಿ ಮತ್ತು ತಕಾಕು 1969ರಲ್ಲಿ ಕೊಟ್ಟ ಹೆಸರು. ಎನ್‌ಎಫ್‌-1 ಇರುವ ಮಕ್ಕಳಲ್ಲಿ ಇದು ಉಳಿದ ಮಕ್ಕಳಿಗಿಂತ ಹೆಚ್ಚು. ಕಣ್ಣಿನ ನರದ ಗಡ್ಡೆಗೆಂದು ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಈಗ ಇಂಥ ಮಕ್ಕಳಿಗೆ ವಿಕಿರಣವನ್ನು ಆದಷ್ಟು ದೂರವಿಡುತ್ತಾರೆ.

ಜೋರಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ನಾಳಗಳು ಮುದುಡುತ್ತವೆ. ಮೊದಲೇ ಕಿರಿದಾದ ನಾಳದಲ್ಲಿ ಅಷ್ಟೇ ಸಾಕು, ಕೈ ಸೋಲುತ್ತದೆ. ಇಂಥ ಮಗುವಿಗೆ ಬರೀ ಸಾದಾ ಸಿಟಿ ಸ್ಕ್ಯಾನ್ ಮಾಡಿಸಿ 'ಏನೂ ಇಲ್ಲ' ಎಂದು ಮನೆಗೆ ಬರಬಾರದು. ಸಾದಾ ಸಿಟಿಯಲ್ಲಿ ನಾಳ ಕಾಣುವುದಿಲ್ಲ. ಮಿದುಳಿನ ಎಂಆರ್‌ಐ ಜೊತೆಗೆ ಎಂಆರ್ ಆಂಜಿಯೋಗ್ರಫಿ ಬೇಕು. ತಲೆಯ ನಾಳಗಳಿಗೆ ಯಾವ ಔಷಧವನ್ನೂ ಚುಚ್ಚದೆಯೇ ಈ ಚಿತ್ರ ತೆಗೆಯಲು ಬರುತ್ತದೆ. ಎಂಆರ್‌ಐಗೆ ಬರೆಸುವಾಗಲೇ ಎರಡೂ ಬರೆಸಿದರೆ ಒಂದೇ ಮಲಗುವಿಕೆಯಲ್ಲಿ ಮುಗಿಯುತ್ತದೆ, ಎರಡನೇ ಸಲ ಬಸ್ ಖರ್ಚು ಉಳಿಯುತ್ತದೆ.

ಮೊಯಾಮೊಯಾ ಖಚಿತವಾದರೆ ನೆತ್ತಿಯ ಚರ್ಮದ ಅಪಧಮನಿಯನ್ನು ಮಿದುಳಿನ ಮೇಲ್ಮೈಗೆ ಜೋಡಿಸುವ ಆಪರೇಷನ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಕೇಂದ್ರಗಳಲ್ಲಿ ಮಾಡುತ್ತಾರೆ. ಅಲ್ಲಿಯವರೆಗೆ, ಆಮೇಲೂ, ಮಗುವಿನ ಮೈಯಲ್ಲಿ ನೀರು ಕಡಿಮೆಯಾಗಬಾರದು. ಮರಾಠವಾಡದ ಏಪ್ರಿಲ್-ಮೇ ಬಿಸಿಲಿನಲ್ಲಿ, ಟ್ಯಾಂಕರಿನ ದಾರಿ ಕಾಯುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ವಾಂತಿ-ಭೇದಿ ಆದರೆ ತಡಮಾಡದೆ ಸಲೈನ್ ಹಾಕಿಸಬೇಕು. ಅರಿವಳಿಕೆ ಕೊಟ್ಟು ಸ್ಕ್ಯಾನ್ ಮಾಡುವಾಗ ಬೆಳಗಿನಿಂದ ಉಪವಾಸ ಕೂರಿಸಿ ಮಧ್ಯಾಹ್ನ ಕರೆಯುವ ಕ್ರಮ ಈ ಮಕ್ಕಳಿಗೆ ಒಗ್ಗದು. ದಿನದ ಮೊದಲ ಸರದಿ ಕೇಳಿ, ಇಲ್ಲವೇ ಕಾಯುವಾಗ ಡ್ರಿಪ್ ಹಾಕಿಸಿ.

ರಕ್ತಸ್ರಾವವಾದರೆ

ಅಪರೂಪ, ಆದರೆ ಗೊತ್ತಿದ್ದರೆ ಜೀವ ಉಳಿಯುತ್ತದೆ. ಎನ್‌ಎಫ್‌-1 ಇರುವವರಿಗೆ ಇದ್ದಕ್ಕಿದ್ದಂತೆ ಎದೆಯ ಒಂದು ಬದಿ ಅಥವಾ ಬೆನ್ನು ಹಿಡಿದು, ಉಸಿರು ಸಿಕ್ಕದೆ, ಕಣ್ಣು ಕತ್ತಲೆ ಬಂದರೆ ಎದೆಯೊಳಗಿನ ನಾಳ ಒಡೆದು ರಕ್ತ ತುಂಬುತ್ತಿರಬಹುದು. ಎಕ್ಸ್‌-ರೇಯಲ್ಲಿ ಆ ಬದಿ ಪೂರ್ತಿ ಬೆಳ್ಳಗಾಗುತ್ತದೆ. ನ್ಯುಮೋನಿಯಾ, ಟಿಬಿ ನೀರು ಎಂದು ತಪ್ಪು ತಿಳಿಯುವುದು ಸುಲಭ. ಕೂಡಲೆ 108ಕ್ಕೆ ಕರೆಮಾಡಿ, ಸಿಟಿ ಆಂಜಿಯೋಗ್ರಫಿ ಇರುವ ದೊಡ್ಡ ದವಾಖಾನೆಗೇ ನೇರ ಹೋಗಿ. ಈ ನಾಳಗಳ ಗೋಡೆ ಹೊಲಿಗೆ ಹಿಡಿಯದಷ್ಟು ಮೆದುವಾಗಿರುವುದರಿಂದ, ಎದೆ ತೆರೆಯುವುದಕ್ಕಿಂತ ನಳಿಕೆಯ ಮೂಲಕ ಒಳಗಿನಿಂದಲೇ ನಾಳ ಮುಚ್ಚುವುದು ಅನೇಕ ಸಲ ವಾಸಿ.

ಹುಟ್ಟಿನಿಂದ ಇರುವ ದೊಡ್ಡ, ಜೋತುಬಿದ್ದ ಗಂಟುಗಳೊಳಗೂ ಹೀಗೇ ಮೆದು ನಾಳಗಳು ತುಂಬಿರುತ್ತವೆ. ಬರೆ ಹಾಕಿಸುವುದು, ದಾರ ಕಟ್ಟಿ ಉದುರಿಸುವುದು, 'ಸಣ್ಣ ಆಪರೇಷನ್' ಎಂದು ಊರ ಕ್ಲಿನಿಕ್ಕಿನಲ್ಲಿ ಕೊಯ್ಸುವುದು ಬೇಡವೇ ಬೇಡ. ಅಂಥ ಗಂಟು ರಾತ್ರೋರಾತ್ರಿ ಉಬ್ಬಿ ಬಿಗಿದರೆ ಒಳಗೆ ನಾಳ ಒಡೆದಿದೆ ಎಂದರ್ಥ. ವಾರ-ತಿಂಗಳಲ್ಲಿ ಬೆಳೆಯುತ್ತ, ನೋಯುತ್ತ, ಗಟ್ಟಿಯಾಗುತ್ತ ಹೋದರೆ ಕ್ಯಾನ್ಸರಿನ ಸಂಶಯ. ಎರಡಕ್ಕೂ ಎಂಆರ್‌ಐ ಬೇಕು.

ಇಷ್ಟೆಲ್ಲ ಓದಿ, ಮನೆಯಲ್ಲಿ ಮಚ್ಚೆ ಇರುವ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಎಂಆರ್‌ಐ ಮಾಡಿಸಲು ಹೊರಡಬೇಡಿ. ತೊಂದರೆಯ ಲಕ್ಷಣವಿಲ್ಲದವರಿಗೆ ರಕ್ತನಾಳದ ಸ್ಕ್ಯಾನ್ ಸಾಮಾನ್ಯವಾಗಿ ಬೇಕಿಲ್ಲ. ವರ್ಷಕ್ಕೊಮ್ಮೆ ಬಿ.ಪಿ., ಮಕ್ಕಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಬೆನ್ನು ಸೊಟ್ಟಗಾಗುತ್ತಿದೆಯೇ ಎಂದು ಒಂದು ನೋಟ, ಇಷ್ಟು ತಪ್ಪದೆ ನಡೆಯಲಿ.

ಎಲ್ಲಿಗೆ ಹೋಗುವುದು?

ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಈಗ ಲಾತೂರ್ ಜಿಲ್ಲೆ. ಉಮರ್ಗಾ ಉಸ್ಮಾನಾಬಾದಿನದು, ಅಂದರೆ ಇಂದಿನ ಧಾರಾಶಿವ. ಜಿಲ್ಲೆ ಬದಲಾದರೂ ಬೀಗರು, ಬಸ್ಸು, ದವಾಖಾನೆಯ ದಾರಿ ಎರಡೂ ಕಡೆಗಿವೆ. ಮನೆಯಲ್ಲಿ ಕನ್ನಡ, ಡಾಕ್ಟರ ಹತ್ತಿರ ಮರಾಠಿ, ರಿಪೋರ್ಟ್ ಇಂಗ್ಲಿಷಿನಲ್ಲಿ. ರೋಗದ ಹೆಸರು ಬರೆದ ಹಳೆಯ ಚೀಟಿ ಯಾವಾಗಲೂ ಜೊತೆಯಲ್ಲಿರಲಿ, ಮಾತಿನಲ್ಲಿ ತಪ್ಪಿದ್ದು ಕಾಗದದಲ್ಲಿ ಸಿಗುತ್ತದೆ.

ಉದಗೀರ, ನಿಲಂಗಾದವರಿಗೆ ಲಾತೂರಿನ ವಿಲಾಸರಾವ್ ದೇಶಮುಖ್ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಗಡಿ ದಾಟಿದರೆ ಬೀದರಿನ ಬ್ರಿಮ್ಸ್. ಉದಗೀರದಿಂದ ಭಾಲ್ಕಿ, ಬೀದರ್ ಮಾರ್ಗವಾಗಿ ಹೈದರಾಬಾದಿಗೆ ರೈಲಿದೆ, ಅಲ್ಲಿ ನಿಮ್ಸ್ ಇದೆ. ಉಮರ್ಗಾದವರು ಹೈದರಾಬಾದ್ ಹೆದ್ದಾರಿ ಹಿಡಿದು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಹೋಗುವುದು ರೂಢಿ. ಆಳಂದ ದಾರಿಯಲ್ಲಿ ಕಲಬುರಗಿಯ ಜಿಮ್ಸ್ ಕೂಡ ದೂರವಲ್ಲ. ಹೊರಡುವ ಮುಂಚೆ ಫೋನು ಮಾಡಿ, ಮಕ್ಕಳಿಗೆ ಕಿಡ್ನಿ ಡಾಪ್ಲರ್ ಯಾವ ದಿನ ಮಾಡುತ್ತಾರೆ, ಎಂಆರ್‌ಐ ಸರದಿ ಎಷ್ಟು ದಿನದ್ದು ಎಂದು ಕೇಳಿಕೊಳ್ಳಿ. ಡಿಎಸ್‌ಎ, ಮಕ್ಕಳ ನಾಳಕ್ಕೆ ಬಲೂನು ಎಂದರೆ ಹೈದರಾಬಾದ್, ಪುಣೆ, ಬೆಂಗಳೂರಿನ ಅನುಭವಿ ಕೇಂದ್ರಗಳೇ ಸರಿ.

ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದವರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಸಹಾಯವಾಣಿ 155388. ಪಟ್ಟಿಯಲ್ಲಿರುವ ಚಿಕಿತ್ಸೆ, ನೋಂದಾಯಿತ ದವಾಖಾನೆ, ಇವೆರಡೂ ಹೊಂದಬೇಕು. ಒಳರೋಗಿಯಾಗದೆ ಹೊರಗಿನಿಂದ ಬಂದು ಮಾಡಿಸುವ ಸ್ಕ್ಯಾನಿಗೆ ಸಾಮಾನ್ಯವಾಗಿ ಯೋಜನೆ ಅನ್ವಯಿಸುವುದಿಲ್ಲ, ದವಾಖಾನೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಕರ್ನಾಟಕ ಅಥವಾ ತೆಲಂಗಾಣಕ್ಕೆ ಹೋಗುವುದಾದರೆ ಕೇಂದ್ರದ ಆಯುಷ್ಮಾನ್ ಕಾರ್ಡ್ ಬೇಕು, ಅದು ರಾಜ್ಯದ ಗಡಿ ದಾಟಿ ನಡೆಯುತ್ತದೆ. ಅದರ ಸಹಾಯವಾಣಿ 14555. ಆಧಾರ್, ರೇಷನ್ ಕಾರ್ಡ್, ದವಾಖಾನೆ ಚೀಟಿ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಕನ್ನಡದ ಹೆಸರನ್ನು ಮರಾಠಿಯಲ್ಲೊಂದು ಬಗೆ, ಇಂಗ್ಲಿಷಿನಲ್ಲೊಂದು ಬಗೆ ಬರೆದಿದ್ದಕ್ಕೆ ಕೌಂಟರಿನಿಂದ ವಾಪಸು ಬರಬೇಕಾದೀತು.

ಸ್ಕ್ಯಾನ್ ಆದ ಮೇಲೆ ಫಿಲ್ಮಿನ ಜೊತೆ ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಪೂರ್ತಿ ಚಿತ್ರಗಳನ್ನು ಕೇಳಿ ಪಡೆಯಿರಿ. ಫಿಲ್ಮಿನ ಮೇಲೆ ಆಯ್ದ ಕೆಲವೇ ಚಿತ್ರಗಳಿರುತ್ತವೆ. ಹೈದರಾಬಾದಿನ ಅಥವಾ ಬೆಂಗಳೂರಿನ ವೈದ್ಯರಿಗೆ ನಾಳದ ಪ್ರತಿ ತಿರುವೂ ಬೇಕು, ಸಿಡಿ ಇಲ್ಲದಿದ್ದರೆ ಅದೇ ಸ್ಕ್ಯಾನನ್ನು ಮತ್ತೆ ಮಾಡಿಸುತ್ತಾರೆ. ಸಿಡಿ ಗೀರು ಬಿದ್ದು ಹಾಳಾಗುವ ಮುಂಚೆ ಒಂದು ನಕಲು ತೆಗೆದಿಡಿ. ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬಿ.ಪಿ., ಕ್ರಿಯಾಟಿನಿನ್, ಮಾತ್ರೆಯ ಹೆಸರು ಬರೆಯುತ್ತ ಹೋಗಿ. ಮಕ್ಕಳದಾದರೆ ಎತ್ತರ, ತೂಕವನ್ನೂ ಸೇರಿಸಿ.